ಮನೆಯ ಸಾಮಾನು ಕಡಿದು ಹಾಳುಮಾಡುವ ಎಳೆಯ ನಾಯಿಯನ್ನು ದಾರಿಗೆ ತರುವುದು ಹೇಗೆ?

ಎಂಟು ತಿಂಗಳ ಲ್ಯಾಬ್ರಡಾರ್ ಸೋಫಾದ ಮೂಲೆಯನ್ನು ಹರಿದು ಒಳಗಿನ ಸ್ಪಂಜನ್ನು ಹಜಾರದ ತುಂಬ ಹರಡಿದೆ. ವರ್ಷ ತುಂಬಿದ ಬೀಗಲ್ ಕುರ್ಚಿಗಳ ಕಾಲುಗಳನ್ನು ಒಂದೊಂದಾಗಿ ಮುಗಿಸುತ್ತಿದೆ. ಬೀದಿಯಿಂದ ತಂದು ಸಾಕಿದ ಮರಿ ತುಳಸಿ ಕುಂಡದ ಮಣ್ಣನ್ನು ದಿನವೂ ಬಗೆದು ಹಾಕುತ್ತಿದೆ. ನಾಯಿ ಸಾಕಿದವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಬಗೆಯವೇ, ಮತ್ತು ಬಹುತೇಕ ಎಲ್ಲವೂ ‘ಬೈದರೂ ಹೊಡೆದರೂ ಬಿಡುತ್ತಿಲ್ಲ’ ಎಂಬ ಮಾತಿನಲ್ಲೇ ಮುಗಿಯುತ್ತವೆ. ಆದ್ದರಿಂದ ಈ ವಿಷಯವನ್ನು ಒಂದೇ ಕಡೆ, ಮಾಡಬೇಕಾದ ಕ್ರಮದಲ್ಲಿಯೇ ಬರೆದಿದ್ದೇನೆ.

ಎಳೆಯ ನಾಯಿ ಎಂದರೆ ಇಲ್ಲಿ ನಾಲ್ಕು ತಿಂಗಳಿಂದ ಸುಮಾರು ಎರಡು ವರ್ಷದವರೆಗಿನದು. ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಮರಿಯ 28 ಹಾಲುಹಲ್ಲುಗಳು ಬೀಳಲು ಆರಂಭಿಸಿ, ಆರೇಳು ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ಈ ಅವಧಿಯಲ್ಲಿ ಒಸಡು ನೋಯುವುದರಿಂದ ಕಡಿಯುವುದು ಸಹಜ. ಹಲ್ಲು ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಕಾದು ಕೂತವರಿಗೆ ನಿರಾಸೆಯಾಗುವುದು ಅದರ ನಂತರದ ಹರೆಯದಲ್ಲಿ. ಆಗ ದೇಹಕ್ಕೆ ದೊಡ್ಡ ನಾಯಿಯ ಬಲ ಬಂದಿರುತ್ತದೆ, ಆದರೆ ತನ್ನನ್ನು ತಾನು ತಡೆದುಕೊಳ್ಳುವ ಗುಣ ಇನ್ನೂ ಮಾಗಿರುವುದಿಲ್ಲ. ಅದಕ್ಕೆ ಸೇರಿದಂತೆ ತಳಿಯ ಸ್ವಭಾವವೂ ಇದೆ: ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಬಾಯಲ್ಲಿ ಹಿಡಿದು ತರುವುದಕ್ಕಾಗಿ ಬೆಳೆಸಿದ್ದು ಲ್ಯಾಬ್ರಡಾರ್, ಮೊಲದ ವಾಸನೆಯ ಜಾಡು ಹಿಡಿಯುವುದಕ್ಕಾಗಿ ಬೆಳೆಸಿದ್ದು ಬೀಗಲ್, ಬಾಗಲಕೋಟೆಯ ಬಯಲಿನಲ್ಲಿ ಬೇಟೆಯನ್ನು ಕಣ್ಣಲ್ಲೇ ಗುರುತಿಸಿ ಓಡಿ ಹಿಡಿಯುವುದು ಮುಧೋಳ ನಾಯಿ. ಇಂಥ ನಾಯಿಯನ್ನು ಎರಡು ಬೆಡ್‌ರೂಮಿನ ಮನೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಸುಮ್ಮನೆ ಕೂರಿಸಿದರೆ ಅದು ತನಗೊಂದು ಕೆಲಸವನ್ನು ತಾನೇ ಹುಡುಕಿಕೊಳ್ಳುತ್ತದೆ.

ಮುಂದಿನ ಹಂತಗಳೆಲ್ಲ ಒಂದೇ ಲೆಕ್ಕಾಚಾರದ ಮೇಲೆ ನಿಂತಿವೆ. ಬೇಸರದಿಂದ ಆಗುವ ಹಾನಿ ದಿನವಿಡೀ ಆಗುವುದಿಲ್ಲ. ಅದಕ್ಕೊಂದು ನಿಗದಿತ ಹೊತ್ತಿರುತ್ತದೆ. ಆ ಹೊತ್ತನ್ನು ಪತ್ತೆಮಾಡಿ, ಅದಕ್ಕಿಂತ ಸ್ವಲ್ಪ ಮುಂಚೆ ನಾಯಿಯ ಬಾಯಿಗೂ ಮೂಗಿಗೂ ಒಪ್ಪುವ ಕೆಲಸ ಕೊಡಬೇಕು. ತಪ್ಪು ನಡೆದ ಮೇಲೆ ತಿದ್ದಲು ಹೊರಟರೆ ಸಿಗುವ ಫಲ ತೀರ ಕಡಿಮೆ.

ಬೇಕಾಗುವ ವಸ್ತುಗಳು

ಒಂದು ನೋಟ್‌ಬುಕ್, ವಿಡಿಯೋ ತೆಗೆಯಲು ಹಳೆಯ ಮೊಬೈಲ್, ಬಾಗಿಲಿಗೆ ಅಡ್ಡ ಹಾಕುವ ಗೇಟು ಅಥವಾ ಮಡಚಿಡುವ ಬೇಲಿ, ಸುಮಾರು ಐದು ಮೀಟರಿನ ಉದ್ದನೆಯ ಹಗ್ಗ, ಮೈಗೆ ತೊಡಿಸುವ ಹಾರ್ನೆಸ್, ಒಳಗೆ ಆಹಾರ ತುಂಬಬಹುದಾದ ಗಟ್ಟಿ ರಬ್ಬರಿನ ಆಟಿಕೆ ಎರಡು (ಕಾಂಗ್ ಎಂಬ ಹೆಸರಿನದು ಹೆಚ್ಚು ಬಳಕೆಯಲ್ಲಿದೆ). ಉಳಿದದ್ದು ಮನೆಯಲ್ಲೇ ಇರುತ್ತದೆ: ರಟ್ಟಿನ ಪೆಟ್ಟಿಗೆ, ಹಳೆಯ ಟವೆಲ್, ಇಡ್ಲಿ ತಟ್ಟೆ. ಇವೆಲ್ಲಕ್ಕಿಂತ ಮುಖ್ಯವಾಗಿ ಮನೆಯವರೆಲ್ಲರ ಒಪ್ಪಿಗೆ ಬೇಕು. ಮಗ ಚಪ್ಪಲಿ ಕಿತ್ತುಕೊಳ್ಳುವ ಆಟ ಆಡಿಸುತ್ತ, ಅಜ್ಜಿ ಅದೇ ಚಪ್ಪಲಿಗಾಗಿ ಗದರುತ್ತ ಇದ್ದರೆ ನಾಯಿ ಕಲಿಯುವುದು ಏನನ್ನು?

ಹಂತ 1: ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ

ಮೊದಲು ಪಶುವೈದ್ಯರಲ್ಲಿಗೆ ಹೋಗಿ. ಹೊಟ್ಟೆಹುಳು, ಬೀಳದೆ ಉಳಿದ ಹಾಲುಹಲ್ಲು, ಚರ್ಮದ ತುರಿಕೆ, ಸಾಲದ ಆಹಾರ ಇವುಗಳಿಂದಲೂ ನಾಯಿ ಕಂಡಕಂಡದ್ದಕ್ಕೆ ಬಾಯಿ ಹಾಕುತ್ತದೆ. ವಸ್ತುಗಳನ್ನು ಕಡಿದು ಚೂರುಮಾಡುವುದು ಬೇರೆ, ಆ ಚೂರುಗಳನ್ನು ನುಂಗುವುದು ಬೇರೆ ಎಂಬುದನ್ನು ಗಮನಿಸಿ ಹೇಳಿ. ಮಣ್ಣು, ಬಟ್ಟೆ, ಸುಣ್ಣ, ಕಲ್ಲು ಮುಂತಾದ ಆಹಾರವಲ್ಲದ ವಸ್ತುಗಳನ್ನು ಮತ್ತೆ ಮತ್ತೆ ನುಂಗುವುದಕ್ಕೆ ವೈದ್ಯರು ‘ಪೈಕಾ’ ಎನ್ನುತ್ತಾರೆ. ಅದಕ್ಕೆ ರಕ್ತಪರೀಕ್ಷೆ ಬೇಕಾಗಬಹುದು. ಬರಿಯ ಆಟಿಕೆಗಳಿಂದ ಅದು ಹೋಗುವುದಿಲ್ಲ.

ಹಂತ 2: ಹಾನಿಯ ದಾಖಲೆ ಬರೆಯಿರಿ

ಒಂದು ವಾರ, ನಾಯಿ ಏನನ್ನೇ ಹಾಳುಮಾಡಿದರೂ ನಾಲ್ಕು ಸಂಗತಿಗಳನ್ನು ಬರೆದಿಡಿ: ಯಾವ ವಸ್ತು, ಎಲ್ಲಿ, ಎಷ್ಟು ಗಂಟೆಗೆ, ಆಗ ಮನೆಯವರು ಏನು ಮಾಡುತ್ತಿದ್ದರು. ಉದಾಹರಣೆಗೆ, ‘ಸೋಮವಾರ, ಸಂಜೆ 6.40, ಕಾಲೊರೆಸು, ಅಡುಗೆಮನೆಯ ಬಾಗಿಲು, ಅಮ್ಮ ಚಪಾತಿ ಲಟ್ಟಿಸುತ್ತಿದ್ದರು’ ಎಂಬಷ್ಟು ಸಾಕು. ಇಂಥ ಸಾಲುಗಳು ಹತ್ತು ಸೇರಿದಾಗ ಚಿತ್ರ ಸ್ಪಷ್ಟವಾಗುತ್ತದೆ. ಬಹಳಷ್ಟು ಮನೆಗಳಲ್ಲಿ ಹಾನಿ ಆಗುವುದು ಎಲ್ಲರೂ ಹೊರಟುಹೋದ ಮೇಲೆ ಎಂದು ಭಾವಿಸಿರುತ್ತಾರೆ. ಬರೆದು ನೋಡಿದಾಗ, ಸಂಜೆ ಎಲ್ಲರೂ ಮನೆಗೆ ಬಂದು ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದ ಹೊತ್ತೇ ಹೆಚ್ಚು ಸಿಗುತ್ತದೆ. ನಾಯಿಗಳು ಸಹಜವಾಗಿ ಮುಂಜಾನೆ ಮತ್ತು ಮುಸ್ಸಂಜೆ ಚುರುಕಾಗುವ ಪ್ರಾಣಿಗಳು. ಹಗಲೆಲ್ಲ ಮಲಗಿ ಎದ್ದ ನಾಯಿಯ ಚುರುಕಿನ ಹೊತ್ತಿಗೆ ಸರಿಯಾಗಿ ನಮ್ಮ ಅಡುಗೆ, ಮಕ್ಕಳ ಹೋಂವರ್ಕ್, ಟಿವಿ ಬಂದು ಕೂತಿರುತ್ತವೆ.

ನೀವು ಮನೆಯಲ್ಲಿ ಇಲ್ಲದಾಗ ಹಾನಿಯಾಗುತ್ತಿದ್ದರೆ ಹಳೆಯ ಮೊಬೈಲಿನಲ್ಲಿ ವಿಡಿಯೋ ಹಾಕಿಟ್ಟು ಹೋಗಿ. ಇಲ್ಲಿ ಬೇಸರವನ್ನೂ ‘ಅಗಲಿಕೆಯ ಆತಂಕ’ವನ್ನೂ ಬೇರ್ಪಡಿಸಿ ನೋಡಬೇಕು, ಅಗಲಿಕೆಯ ಆತಂಕವೆಂದರೆ ಒಂಟಿಯಾಗಿ ಉಳಿದೊಡನೆ ನಾಯಿಗೆ ಉಂಟಾಗುವ ತೀವ್ರ ಭಯ. ಬೇಸರಗೊಂಡ ನಾಯಿ ಮೊದಲು ಸ್ವಲ್ಪ ಹೊತ್ತು ಮಲಗುತ್ತದೆ, ಎದ್ದು ಓಡಾಡುತ್ತದೆ, ಸಿಕ್ಕಿದ್ದನ್ನು ಕಡಿಯುತ್ತದೆ, ಇಟ್ಟುಹೋದ ತಿಂಡಿಯನ್ನು ತಿನ್ನುತ್ತದೆ, ಮತ್ತೆ ಮಲಗುತ್ತದೆ. ಆತಂಕಗೊಂಡ ನಾಯಿ ನೀವು ಹೋದ ಅರ್ಧ ಗಂಟೆಯೊಳಗೇ ಬಾಗಿಲು, ಕಿಟಕಿಗಳನ್ನೇ ಗುರಿಮಾಡಿ ಕೆರೆಯುತ್ತದೆ, ಊಳಿಡುತ್ತದೆ, ಜೊಲ್ಲು ಸುರಿಸುತ್ತದೆ, ಉಚ್ಚೆ ಮಾಡಿಕೊಳ್ಳುತ್ತದೆ, ಬಹಳ ಇಷ್ಟದ ತಿಂಡಿಯನ್ನೂ ಮುಟ್ಟುವುದಿಲ್ಲ.

ಎಚ್ಚರಿಕೆ: ವಿಡಿಯೋದಲ್ಲಿ ಎರಡನೆಯ ಚಿತ್ರ ಕಂಡರೆ ಮುಂದಿನ ಹಂತಗಳು ಸಾಲುವುದಿಲ್ಲ. ವರ್ತನೆಯ ಬಗ್ಗೆ ತಿಳಿದ ಪಶುವೈದ್ಯರನ್ನು ಕಾಣಿ. ಅಲ್ಲಿಯವರೆಗೆ ನಾಯಿಯನ್ನು ಆದಷ್ಟೂ ಒಂಟಿಯಾಗಿ ಬಿಡಬೇಡಿ. ಭಯಗೊಂಡ ನಾಯಿಯನ್ನು ಪಂಜರದಲ್ಲಿ ಕೂಡಿಹಾಕಿದರೆ ಅದು ಸರಳುಗಳನ್ನು ಕಡಿದು ಹಲ್ಲು, ಉಗುರು ಮುರಿದುಕೊಳ್ಳುತ್ತದೆ.

ಹಂತ 3: ಕೈಗೆಟುಕದಂತೆ ಮಾಡಿ

ಕಡಿಯುವುದರಲ್ಲೇ ನಾಯಿಗೆ ಸುಖವಿರುವುದರಿಂದ, ಪ್ರತಿ ಸಲ ಸೋಫಾ ಕಡಿದಾಗಲೂ ಆ ಅಭ್ಯಾಸ ಗಟ್ಟಿಯಾಗುತ್ತದೆ. ಹೀಗಾಗಿ ಕಲಿಸುವುದಕ್ಕೆ ಮೊದಲು ಅವಕಾಶವನ್ನೇ ತಪ್ಪಿಸಬೇಕು. ನಾಯಿಗೆ ಒಂದು ಕೋಣೆ ಅಥವಾ ಬೇಲಿ ಹಾಕಿದ ಜಾಗವನ್ನು ಗೊತ್ತುಮಾಡಿ, ಯಾರ ಕಣ್ಣೂ ಅದರ ಮೇಲಿಲ್ಲದ ಹೊತ್ತಿನಲ್ಲಿ ಅಲ್ಲಿರಿಸಿ. ಬಾಗಿಲ ಬಳಿ ಬಿಡುವ ಚಪ್ಪಲಿಗಳಿಗೆ ಮುಚ್ಚುವ ಗೂಡು ಬೇಕು. ಬೆವರಿನ ವಾಸನೆ ತುಂಬಿದ ಚರ್ಮದ ಚಪ್ಪಲಿಗಿಂತ ರುಚಿಯಾದದ್ದು ನಾಯಿಗೆ ಈ ಲೋಕದಲ್ಲಿ ಬೇರೆ ಇರಲಾರದು. ಹಳೆಯ ಚಪ್ಪಲಿಯನ್ನು ಆಟಕ್ಕೆ ಕೊಡುವುದು ಇನ್ನೊಂದು ಸಾಮಾನ್ಯ ತಪ್ಪು: ಹಳತು, ಹೊಸತು ಎಂಬ ಲೆಕ್ಕ ಅದಕ್ಕೆ ತಿಳಿಯುವುದಿಲ್ಲ.

ಚಾರ್ಜರ್ ವೈರು, ಇನ್ವರ್ಟರ್ ವೈರು, ಬ್ಯಾಟರಿಯಿರುವ ರಿಮೋಟು, ತೆಂಗಿನ ಕಡ್ಡಿಪೊರಕೆ, ಕಾಲುಚೀಲ, ಒಳ‌ಉಡುಪು, ಹೊಲಿಗೆಯ ದಾರ, ಮಾವಿನ ಗೊರಟೆ, ಮುಸುಕಿನ ಜೋಳದ ದಿಂಡು ಇವು ಅಪಾಯಕಾರಿ. ಗೊರಟೆ ಮತ್ತು ದಿಂಡು ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ತೋಟದಲ್ಲಿ ಕಣಗಿಲೆ, ಕುಂಡದಲ್ಲಿ ಸೈಕಸ್ ಇದ್ದರೆ ಬೇಲಿ ಹಾಕಿ. ಎರಡೂ ನಾಯಿಗೆ ವಿಷ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿಯೂ ಹಾಗೆಯೇ. ಹಬ್ಬದ ದಿನ ನಾಯಿಯ ಬಾಯಿಗೆ ಬೀಳುವ ಕೇಸರಿಬಾತಿನಲ್ಲಿ ಒಣದ್ರಾಕ್ಷಿ ಇರುತ್ತದೆ ಎಂಬುದು ನೆನಪಿರಲಿ.

ಕಹಿ ರುಚಿಯ ಸ್ಪ್ರೇ ಕೆಲವು ನಾಯಿಗಳಿಗೆ ಕೆಲಸ ಮಾಡುತ್ತದೆ, ಕೆಲವಕ್ಕೆ ಇಲ್ಲ. ಪೀಠೋಪಕರಣಕ್ಕೆ ಖಾರದ ಪುಡಿ ಹಚ್ಚುವವರಿದ್ದಾರೆ. ಕಣ್ಣಿಗೆ, ಮೂಗಿಗೆ ತಾಗಿ ನಾಯಿ ಒದ್ದಾಡುವುದರಿಂದ ಅದನ್ನು ಖಂಡಿತ ಮಾಡಬಾರದು.

ಎಚ್ಚರಿಕೆ: ನಾಯಿ ಏನನ್ನಾದರೂ ನುಂಗಿ, ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದರೆ, ಊಟ ಬಿಟ್ಟರೆ, ಹೊಟ್ಟೆ ಮುಟ್ಟಿಸಿಕೊಳ್ಳದಿದ್ದರೆ, ಮಲ ಹೋಗದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಯಿಂದಲೋ ಗುದದಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಒಳಗೆ ಕರುಳು ಕೊಯ್ದುಹೋಗಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಜೀವಕ್ಕೇ ಅಪಾಯ.

ಹಂತ 4: ನಡಿಗೆಯಲ್ಲಿ ಮೂಗಿಗೆ ಕೆಲಸ ಕೊಡಿ

‘ದಿನವೂ ಒಂದು ಗಂಟೆ ಓಡಿಸುತ್ತೇನೆ, ಆದರೂ ಕಡಿಯುತ್ತದೆ’ ಎನ್ನುವವರು ಬಹಳ. ಓಟದಿಂದ ಸ್ನಾಯು ದಣಿಯುತ್ತದೆ, ಜೊತೆಗೆ ಮೈ ಗಟ್ಟಿಯೂ ಆಗುತ್ತದೆ. ಕೆಲವೇ ವಾರಗಳಲ್ಲಿ ಅದೇ ನಾಯಿಗೆ ಒಂದೂವರೆ ಗಂಟೆ ಬೇಕಾಗುತ್ತದೆ. ನಡಿಗೆಯ ಅರ್ಧ ಭಾಗವನ್ನಾದರೂ ಉದ್ದನೆಯ ಹಗ್ಗದಲ್ಲಿ, ನಾಯಿ ಮೂಸಲು ನಿಂತಲ್ಲೆಲ್ಲ ನಿಂತು, ಅದರ ವೇಗಕ್ಕೇ ಬಿಟ್ಟು ಮಾಡಿಸಿ. ಹೊರಗಿನಿಂದ ನೋಡುವವರಿಗೆ ಇದು ನಡಿಗೆಯಂತೆಯೇ ಕಾಣುವುದಿಲ್ಲ, ಒಂದೇ ವಿದ್ಯುತ್ ಕಂಬದ ಬಳಿ ಎರಡು ನಿಮಿಷ ಹೋಗಬಹುದು. ಆದರೆ ವಾಸನೆಯನ್ನು ಬಿಡಿಸಿ ಓದುವುದು ನಾಯಿಯ ಮಿದುಳಿಗೆ ಬಹುದೊಡ್ಡ ಕೆಲಸ, ಮತ್ತು ಅಂಥ ನಡಿಗೆಯಿಂದ ಬಂದ ನಾಯಿ ಶಾಂತವಾಗಿ ಮಲಗುತ್ತದೆ. ಚೆಂಡನ್ನು ಒಂದೇ ಸಮನೆ ಎಸೆದು ತರಿಸುವ ಆಟ ಇದಕ್ಕೆ ವಿರುದ್ಧ ಫಲ ಕೊಡುತ್ತದೆ. ನಾಯಿ ಉದ್ರೇಕಗೊಂಡು ಮನೆಗೆ ಬಂದ ಮೇಲೂ ಸುಮ್ಮನಾಗುವುದಿಲ್ಲ.

ಮುಧೋಳದಂಥ ಓಟದ ತಳಿಗೆ ಸುತ್ತ ಗೋಡೆಯಿರುವ ಬಯಲಿನಲ್ಲಿ ಬಿಡುವಾಗಿ ಓಡುವ ಅವಕಾಶವೂ ಬೇಕು. ಓಡುವ ಪ್ರಾಣಿ ಕಂಡರೆ ಅದು ಕರೆಗೆ ಓಗೊಡುವುದು ಕಷ್ಟವಾದ್ದರಿಂದ ತೆರೆದ ಜಾಗದಲ್ಲಿ ಹಗ್ಗ ಬಿಚ್ಚಬೇಡಿ. ಲಸಿಕೆಯ ಸರಣಿ ಮುಗಿಯದ ಮರಿಯನ್ನು, ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೋ ಎಂಬ ಸೋಂಕುರೋಗದ ಭಯವಿರುವುದರಿಂದ, ಬೀದಿಯ ನೆಲಕ್ಕೆ ಬಿಡದೆ ಎತ್ತಿಕೊಂಡೇ ಲೋಕ ತೋರಿಸಿ. ಬೇಸಿಗೆಯಲ್ಲಿ ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಐದಾರು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಮೂಳೆ ಇನ್ನೂ ಬೆಳೆಯುತ್ತಿರುವ ದೊಡ್ಡ ತಳಿಯ ಮರಿಗಳನ್ನು ಬೈಕಿನ ಹಿಂದೆ ಓಡಿಸುವುದು, ಮೆಟ್ಟಿಲು ಹತ್ತಿಳಿಸಿ ದಣಿಸುವುದು ಬೇಡ.

ಹಂತ 5: ಊಟವನ್ನು ದುಡಿದು ತಿನ್ನುವಂತೆ ಮಾಡಿ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹಂತ ಇದು. ಬಟ್ಟಲಿನಲ್ಲಿ ಹಾಕಿದ ಊಟವನ್ನು ನಾಯಿ ಒಂದೆರಡು ನಿಮಿಷದಲ್ಲಿ ಮುಗಿಸುತ್ತದೆ. ಅದೇ ಊಟವನ್ನು ಅರ್ಧ ಗಂಟೆ ಹುಡುಕಿ, ನೆಕ್ಕಿ, ಬಿಡಿಸಿ ತಿನ್ನುವಂತೆ ಮಾಡಬಹುದು, ಅದೂ ಹಂತ 2ರಲ್ಲಿ ಗುರುತಿಸಿದ ಹಾನಿಯ ಹೊತ್ತಿಗೆ ಹದಿನೈದು ಇಪ್ಪತ್ತು ನಿಮಿಷ ಮುಂಚೆ. ಮೇಲಿನ ಉದಾಹರಣೆಯ ಮನೆಯಲ್ಲಾದರೆ ಸಂಜೆ 6.20ಕ್ಕೆ, ಅಮ್ಮ ಹಿಟ್ಟು ಕಲಸಲು ಕೂರುವ ಮೊದಲು.

ಇಡ್ಲಿ ತಟ್ಟೆಯಿಂದ ಆರಂಭಿಸಿ. ನೆಲದ ಮೇಲೆ ತಟ್ಟೆಯನ್ನಿಟ್ಟು ಪ್ರತಿ ಗುಳಿಗೂ ಏಳೆಂಟು ಕಾಳು ನಾಯಿಯ ಒಣ ಆಹಾರ ಹಾಕಿ. ಮೊದಲ ದಿನ ತೆರೆದೇ ಇರಲಿ. ಎರಡನೆಯ ದಿನ ಎರಡು ಗುಳಿಗಳ ಮೇಲೆ ಟೆನಿಸ್ ಚೆಂಡು ಕೂರಿಸಿ. ನಾಯಿ ಮೊದಲು ಪಾದದಿಂದ ತಟ್ಟೆಯನ್ನೇ ಬಡಿಯುತ್ತದೆ, ತಟ್ಟೆ ಜಾರಿ ಗದ್ದಲವಾಗುತ್ತದೆ. ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಸ್ವಲ್ಪ ಹೊತ್ತಿಗೆ ಅದು ಮೂಗಿನಿಂದ ಚೆಂಡನ್ನು ಪಕ್ಕಕ್ಕೆ ನೂಕುವುದನ್ನು ಕಂಡುಕೊಳ್ಳುತ್ತದೆ. ಆಮೇಲೆ ಎಲ್ಲ ಗುಳಿಗಳನ್ನೂ ಮುಚ್ಚಿ. ಆಟ ಮುಗಿದೊಡನೆ ಚೆಂಡುಗಳನ್ನು ಎತ್ತಿಡಿ, ಏಕೆಂದರೆ ಅವುಗಳ ಮೇಲಿನ ನಾರನ್ನು ಸದಾ ಕಡಿದರೆ ಹಲ್ಲು ಸವೆಯುತ್ತದೆ.

ಹಳೆಯ ಟವೆಲ್ಲಿನ ಮೇಲೆ ಆಹಾರ ಚೆಲ್ಲಿ ಚಾಪೆಯಂತೆ ಸುತ್ತಿಟ್ಟರೆ ಎರಡನೆಯ ಆಟವಾಯಿತು. ರಟ್ಟಿನ ಪೆಟ್ಟಿಗೆಯೊಳಗೆ ಉಂಡೆಮಾಡಿದ ಕಾಗದ ತುಂಬಿ ನಡುವೆ ತಿಂಡಿ ಅಡಗಿಸುವುದು ಮೂರನೆಯದು. ಪಿನ್ನು, ಟೇಪು ತೆಗೆದಿರಬೇಕು. ಪೆಟ್ಟಿಗೆ ಹರಿಯಲು ಬಿಟ್ಟರೆ ಸೋಫಾವನ್ನೂ ಹರಿಯುತ್ತದೆಂಬ ಭಯ ಬೇಡ. ಹರಿಯುವ ಆಸೆಗೆ ಒಪ್ಪಿತವಾದ ದಾರಿ ಸಿಕ್ಕಂತಾಗುತ್ತದೆ. ಆದರೆ ರಟ್ಟನ್ನು ನುಂಗುವ ನಾಯಿಗೆ ಈ ಆಟ ಸಲ್ಲದು.

ರಬ್ಬರಿನ ಆಟಿಕೆಗೆ ನೆನೆಸಿದ ಆಹಾರ, ಬೇಯಿಸಿದ ಸಿಹಿಗುಂಬಳ, ಉಪ್ಪಿಲ್ಲದ ರಾಗಿ ಅಂಬಲಿ ಅಥವಾ ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನ ತುಂಬಬಹುದು. ಮೊದಲ ಕೆಲವು ದಿನ ಸಡಿಲವಾಗಿ ತುಂಬಿ ಹಾಗೇ ಕೊಡಿ. ರುಚಿ ಹತ್ತಿದ ಮೇಲೆ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಕೊಡಿ. ಮೊದಲ ದಿನವೇ ಕಲ್ಲಿನಂತೆ ಹೆಪ್ಪುಗಟ್ಟಿದ್ದನ್ನು ಕೊಟ್ಟವರು, ನಮ್ಮ ನಾಯಿಗೆ ಇದು ಇಷ್ಟವಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಹಲ್ಲು ಬರುತ್ತಿರುವ ಮರಿಗೆ ತಣ್ಣನೆಯ ಅಂಬಲಿ ಒಸಡಿಗೂ ಹಿತ. ಕಡಲೆಕಾಯಿ ಬೆಣ್ಣೆ ಬಳಸುವುದಾದರೆ ಡಬ್ಬಿಯ ಮೇಲೆ ‘ಜೈಲಿಟಾಲ್’ ಎಂಬ ಸಿಹಿಕಾರಕ ನಮೂದಾಗಿದೆಯೇ ನೋಡಿ. ಅದು ಅಲ್ಪ ಪ್ರಮಾಣದಲ್ಲೂ ನಾಯಿಗೆ ವಿಷ.

ಎಚ್ಚರಿಕೆ: ಇವೆಲ್ಲ ದಿನದ ಊಟದ ಭಾಗವೇ ಆಗಿರಬೇಕು, ಅದರ ಮೇಲೆ ಹೆಚ್ಚುವರಿಯಾಗಿ ಅಲ್ಲ. ಕಡಿಯಲು ಕೊಡುವ ವಸ್ತುವನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ: ಸ್ವಲ್ಪವೂ ತಗ್ಗದಿದ್ದರೆ ಅದು ಹಲ್ಲು ಸೀಳುವಷ್ಟು ಗಟ್ಟಿ. ಬೇಯಿಸಿದ ಮೂಳೆ ಚೂಪಾಗಿ ಸೀಳುವುದರಿಂದ ಎಂದೂ ಕೊಡಬಾರದು.

ನೆಲ ಅಗೆಯುವ ನಾಯಿಗೆ ಮಾತ್ರ ಬೇರೆ ಉಪಾಯ ಬೇಕು. ಅಂಗಳದ ಮೂಲೆಯಲ್ಲೋ ಬಾಲ್ಕನಿಯಲ್ಲೋ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಮರಳು ತುಂಬಿ, ಅದರಲ್ಲಿ ತಿಂಡಿ ಹೂತಿಟ್ಟು ಅಲ್ಲಿಯೇ ಅಗೆಯಲು ಕಲಿಸಿ. ತುಳಸಿ ಕುಂಡದ ಮಣ್ಣಿನ ಮೇಲೆ ದೊಡ್ಡ ನುಣುಪು ಕಲ್ಲು ಜೋಡಿಸಿ.

ಹಂತ 6: ‘ಬಿಡು’ ಎಂಬುದನ್ನು ವಿನಿಮಯವಾಗಿ ಕಲಿಸಿ

ನಾಯಿ ಚಪ್ಪಲಿ ಹಿಡಿದು ಓಡಿದಾಗ ಬೆನ್ನಟ್ಟಬೇಡಿ. ಮನೆಯವರೆಲ್ಲ ಕೂಗುತ್ತ ಹಿಂದೆ ಓಡಿಬರುವುದಕ್ಕಿಂತ ಮಜದ ಆಟ ಬೇಸರಗೊಂಡ ನಾಯಿಗೆ ಇನ್ನೊಂದಿಲ್ಲ. ದಿನಕ್ಕೆ ಐದು ನಿಮಿಷ, ಬೆಲೆಯಿಲ್ಲದ ಆಟಿಕೆಯಿಂದ ಅಭ್ಯಾಸ ಮಾಡಿಸಿ: ಅದರ ಬಾಯಲ್ಲಿ ಆಟಿಕೆ ಇರುವಾಗ ‘ಬಿಡು’ ಎಂದು ಒಮ್ಮೆ ಮಾತ್ರ ಹೇಳಿ, ಬೇಯಿಸಿದ ಕೋಳಿ ಅಥವಾ ಪನೀರಿನ ಚೂರನ್ನು ಮೂಗಿನ ಬಳಿ ಹಿಡಿಯಿರಿ, ಬಿಟ್ಟೊಡನೆ ಕೊಡಿ, ಆಟಿಕೆಯನ್ನೂ ಹಿಂದಿರುಗಿಸಿ. ಬಿಟ್ಟರೆ ನಷ್ಟವಿಲ್ಲ ಎಂಬ ನಂಬಿಕೆ ಹುಟ್ಟಿದ ಮೇಲೆ ನಿಜವಾದ ಚಪ್ಪಲಿಯನ್ನೂ ಬಿಡುತ್ತದೆ. ಬಾಯಿಗೆ ಕೈಹಾಕಿ ಕಿತ್ತುಕೊಂಡು ಅಭ್ಯಾಸವಾದ ಮನೆಗಳಲ್ಲಿ ನಾಯಿ ವಸ್ತುವನ್ನು ಕಾಯುತ್ತ ಗುರುಗುಟ್ಟಲು ಕಲಿಯುತ್ತದೆ, ಅಥವಾ ಅವಸರದಲ್ಲಿ ನುಂಗಿಬಿಡುತ್ತದೆ.

ಸಂಜೆ ಮನೆಗೆ ಬಂದು ಹರಿದ ದಿಂಬನ್ನು ತೋರಿಸಿ ಬೈಯುವುದರಿಂದ ಏನೂ ಆಗುವುದಿಲ್ಲ. ‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿದರೇ ತಿಳಿಯುತ್ತದೆ’ ಎಂಬ ವಾದಕ್ಕೆ ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ನಾಯಿಯ ಆ ‘ತಪ್ಪಿತಸ್ಥ ನೋಟ’ ಅದು ನಿಜಕ್ಕೂ ತಪ್ಪು ಮಾಡಿತ್ತೇ ಇಲ್ಲವೇ ಎಂಬುದನ್ನು ಅವಲಂಬಿಸಿರಲಿಲ್ಲ. ಯಜಮಾನ ಗದರಿದಾಗ ಹೆಚ್ಚುತ್ತಿತ್ತು, ಏನೂ ಮಾಡದ ನಾಯಿಗಳಲ್ಲಿಯೂ ಕಾಣಿಸಿಕೊಳ್ಳುತ್ತಿತ್ತು. ಹಾಗೆ ಬೈಸಿಕೊಂಡ ನಾಯಿ ಕಲಿಯುವುದು, ನೀವು ಮನೆಗೆ ಬರುವ ಹೊತ್ತು ಅಪಾಯದ್ದು ಎಂಬುದನ್ನು ಮಾತ್ರ. ಮೌನವಾಗಿ ಗುಡಿಸಿ, ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ.

ಹಂತ 7: ನಿದ್ದೆಗೂ ವೇಳೆ ಇರಲಿ

ಹರೆಯದ ನಾಯಿಗೂ ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ನಿದ್ದೆ ಬೇಕು, ಮರಿಗಳಿಗೆ ಇನ್ನೂ ಹೆಚ್ಚು. ರಾತ್ರಿ ಎಂಟು ಗಂಟೆಗೆ ಹುಚ್ಚು ಹಿಡಿದಂತೆ ಮನೆಯೆಲ್ಲ ಓಡಿ ಕೈಕಾಲು ಕಚ್ಚುವ ಮರಿಗೆ ಬಹುಮಟ್ಟಿಗೆ ನಿದ್ದೆಯ ಕೊರತೆ ಇರುತ್ತದೆ, ವ್ಯಾಯಾಮದ್ದಲ್ಲ. ಅಂಥ ಹೊತ್ತಿನಲ್ಲಿ ಇನ್ನಷ್ಟು ಆಡಿಸದೆ, ಮಂದ ಬೆಳಕಿನ ತನ್ನ ಜಾಗದಲ್ಲಿ ನೆಕ್ಕುವ ಆಟಿಕೆ ಕೊಟ್ಟು ಬಿಡಿ.

ಇದರ ಜೊತೆಗೆ, ದಿನವಿಡೀ ಗೇಟಿನ ಬಳಿ ಸರಪಳಿಯಲ್ಲಿ ಕಟ್ಟಿಹಾಕುವುದನ್ನು ಪರಿಹಾರವೆಂದು ಭಾವಿಸಬೇಡಿ. ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಕ್ರೌರ್ಯವೆಂದೇ ಪರಿಗಣಿತವಾಗಿದೆ. ಎಂಟೊಂಬತ್ತು ಗಂಟೆ ಯಾರೂ ಇರದ ಮನೆಯಾದರೆ ಮಧ್ಯಾಹ್ನ ಒಮ್ಮೆ ಯಾರಾದರೂ ಬಂದು ಹೊರಗೆ ಕರೆದೊಯ್ಯುವ ವ್ಯವಸ್ಥೆ ಮಾಡಿಕೊಳ್ಳಿ. ಸಂಬಂಧಿಕರು, ನೆರೆಯವರು, ಸಂಬಳಕ್ಕೆ ನಾಯಿ ತಿರುಗಾಡಿಸುವವರು, ಯಾರಾದರೂ ಸರಿ.

ಹಂತ 8: ಕೋಣೆ ಕೋಣೆಯಾಗಿ ಸ್ವಾತಂತ್ರ್ಯ ಕೊಡಿ

ಹಾನಿಯ ದಾಖಲೆಯಲ್ಲಿ ಎರಡು ವಾರ ಹೊಸ ಸಾಲು ಬರದಿದ್ದಾಗ ಇನ್ನೊಂದು ಕೋಣೆಯ ಬಾಗಿಲು ತೆರೆಯಿರಿ. ಮೊದಲು ನೀವು ಮನೆಯಲ್ಲಿರುವಾಗ, ಅದು ತೃಪ್ತಿಕರವೆನಿಸಿದರೆ ಹತ್ತು ನಿಮಿಷ ಹೊರಗೆ ಹೋಗಿ, ನಂತರ ಅರ್ಧ ಗಂಟೆ. ಸೋಫಾ ಇರುವ ಹಜಾರ ಕೊನೆಗೆ ಬರಲಿ. ನಡುವೆ ಒಂದು ದಿನ ಮತ್ತೆ ಏನಾದರೂ ಹರಿದರೆ ಅಲ್ಲಿಯವರೆಗಿನ ಶ್ರಮ ವ್ಯರ್ಥವಾಯಿತೆಂದು ತಿಳಿಯಬೇಡಿ. ಮಳೆಯಿಂದ ನಡಿಗೆ ತಪ್ಪಿತ್ತೇ, ನೆಂಟರು ಬಂದಿದ್ದರೇ, ಪಟಾಕಿಯ ಸದ್ದಿತ್ತೇ ಎಂದು ನೋಡಿ. ಒಂದು ಕೋಣೆ ಹಿಂದಕ್ಕೆ ಹೋಗಿ, ಒಂದು ವಾರ ಅಲ್ಲಿಯೇ ಇದ್ದು, ಪುನಃ ಮುಂದುವರಿಯಿರಿ. ದೊಡ್ಡ ತಳಿಗಳಲ್ಲಿ ಇಡೀ ಮನೆ ತೆರೆಯುವ ಹೊತ್ತಿಗೆ ನಾಯಿಗೆ ಎರಡು ವರ್ಷ ತುಂಬಿದ್ದರೂ ಆಶ್ಚರ್ಯವಿಲ್ಲ. ಹೊಸ ಸೋಫಾ ಕೊಳ್ಳುವ ಯೋಚನೆಯನ್ನು ಅಲ್ಲಿಯವರೆಗೆ ಮುಂದೂಡಿ.